ಹುಣಸೆ ತೋಪಿನ ಮೊದಲ ಕಾಲು ಗಂಟೆ

ಫಾರ್ಮು ತುಂಬುವುದರಲ್ಲಿ ನಾನು ಎತ್ತಿದ ಕೈ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿ ಬಂದಿರುವುದು ಬೇಸರದ ಸಂಗತಿ, ಆದರೆ ನಮ್ಮ ಮನೆಯಲ್ಲಿ ಬೇರೆ ಯಾರೂ ಹೇಳುವುದಿಲ್ಲ. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಇಪ್ಪತ್ತೆಂಟು ವರ್ಷ ಕುರ್ಚಿ ಸವೆಸಿದವನು ನಾನು. ಯಾವ ಕಾಲಮ್ಮಿನಲ್ಲಿ ಏನು ಬರೆಯಬೇಕು, ಎಲ್ಲಿ ಅಡ್ಡಗೆರೆ ಎಳೆಯಬೇಕು, ಎಲ್ಲಿ ‘ಅನ್ವಯಿಸುವುದಿಲ್ಲ’ ಎಂದು ಬರೆದು ಕೇಳುವವರ ಬಾಯಿ ಮುಚ್ಚಿಸಬೇಕು ಎಂಬುದೆಲ್ಲ ನನಗೆ ನೀರು ಕುಡಿದಷ್ಟು ಸುಲಭ. ಅಕ್ಕಪಕ್ಕದವರು ಪಾಸ್‌ಪೋರ್ಟಿಗೆ, ರೇಷನ್ ಕಾರ್ಡಿಗೆ, ಮಕ್ಕಳ ಕಾಲೇಜಿಗೆ ಫಾರ್ಮು ಹಿಡಿದುಕೊಂಡು ನಮ್ಮ ಮನೆಗೇ ಬರುತ್ತಾರೆ. ಇಂಥ ನಾನು ಜೀವಮಾನದಲ್ಲಿ ಒಂದೇ ಒಂದು ಫಾರ್ಮನ್ನು ತಪ್ಪು ತುಂಬಿದೆ. ಅದು ನನ್ನ ಹೆಂಡತಿಯದು.

ತಪ್ಪಾದದ್ದು ಒಂದು ಪದದಿಂದ, ಅದೂ ನಮ್ಮದೇ ಪದದಿಂದ. ನಾವು ಬಾಗಲಕೋಟೆ ಕಡೆಯವರು. ವರ್ಗಾವಣೆಯ ಪುಣ್ಯದಿಂದ ಮೊದಲು ಸೊಲ್ಲಾಪುರ, ಆಮೇಲೆ ಮನ್ಮಾಡ್, ಆಮೇಲೆ ನಾಸಿಕ್, ಈಗ ಸಂಭಾಜಿನಗರ. ಸೊಲ್ಲಾಪುರದಲ್ಲಿ ಏನೂ ತೊಂದರೆ ಇರಲಿಲ್ಲ. ಅಲ್ಲಿ ತರಕಾರಿಯವಳೂ ಅಚ್ಚ ಕನ್ನಡದಲ್ಲೇ ಬೈಯುತ್ತಿದ್ದಳು. ತೊಡಕು ಶುರುವಾದದ್ದು ಸಂಭಾಜಿನಗರಕ್ಕೆ ಬಂದ ಮೇಲೆ. ಇಲ್ಲಿಂದ ಬಸ್ಸಿನಲ್ಲಿ ಎರಡು ತಾಸು ಹೋದರೆ ಶುಂಠಿ ಬೆಳೆಯುವ ಒಂದು ತಾಲ್ಲೂಕು ಊರು ಸಿಗುತ್ತದೆ. ಅದರ ಹೆಸರು ಕನ್ನಡ. ಮರಾಠಿಯಲ್ಲಿ ಬರೆದರೆ ಆ ಊರಿಗೂ ನಮ್ಮ ಭಾಷೆಗೂ ಒಂದೇ ಮೂರಕ್ಷರ. ಬಾಯಲ್ಲಿ ಹೇಳುವಾಗ ಕೊನೆಯ ಅಕ್ಷರವನ್ನು ಅರ್ಧಕ್ಕೇ ನುಂಗಿ ‘ಕನ್ನಡ್’ ಎನ್ನುತ್ತಾರೆ, ಊರಿಗೂ ಅಷ್ಟೇ, ಭಾಷೆಗೂ ಅಷ್ಟೇ.

ಮನೆ ಬಾಡಿಗೆಗೆ ಹಿಡಿದ ದಿನ ಮನೆ ಮಾಲಕರು ‘ತುಮ್ಹೀ ಕುಠಲೇ?’ ಎಂದು ಕೇಳಿದರು, ನೀವು ಎಲ್ಲಿಯವರು ಅಂತ. ನಾನು ಎದೆಯುಬ್ಬಿಸಿ ‘ಆಮ್ಹೀ ಕನ್ನಡ’ ಎಂದೆ. ಅವರ ಮುಖ ಅರಳಿತು. ತಮ್ಮ ನಾದಿನಿಯನ್ನು ಕೊಟ್ಟಿರುವುದು ಅಲ್ಲಿಗೇ ಎಂದರು. ಈ ಸಲ ಶುಂಠಿ ಹೇಗೆ ಬಂದಿದೆ ಎಂದು ವಿಚಾರಿಸಿದರು. ಮನೆ ಬಾಡಿಗೆಗೆ ಕೊಡುವ ಮನುಷ್ಯ ಶುಂಠಿಯ ವಿಚಾರ ಯಾಕೆ ತೆಗೆದನೆಂದು ತಿಳಿಯದೆ, ಚಹಾದ ಬಗ್ಗೆ ಕೇಳಿದರೇನೋ ಎಂದುಕೊಂಡು ‘ಛಾನ’, ಚೆನ್ನಾಗಿದೆ, ಎಂದುಬಿಟ್ಟೆ. ಅಂದಿನಿಂದ ಅವರು ನಮ್ಮನ್ನು ಶುಂಠಿ ಬೆಳೆಯುವವರೆಂದೇ ನಂಬಿದ್ದರು, ನನಗದು ತಿಳಿದದ್ದು ಬಹಳ ತಡವಾಗಿ. ಹಬ್ಬಕ್ಕೆ ಊರಿಗೆ ಹೋಗಿಬಂದಾಗಲೆಲ್ಲ ನಮ್ಮ ಚೀಲದ ಕಡೆ ಆಸೆಯಿಂದ ನೋಡುತ್ತಿದ್ದರು.

ಇಲ್ಲಿನ ಹಳಬರು ನಮ್ಮ ಭಾಷೆಗೆ ಬೇರೆ ಒಂದು ಪದವನ್ನೂ ಇಟ್ಟುಕೊಂಡಿದ್ದಾರೆ: ಕಾನಡೀ. ನಾಸಿಕದ ಪಕ್ಕದ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡುವ ನಮ್ಮ ಹುಬ್ಬಳ್ಳಿಯ ಗೆಳೆಯನೊಬ್ಬ ಎಷ್ಟೋ ಸಲ ಹೇಳಿದ್ದ: ‘ಲೇ, ಕಾನಡೀ ಅಂದುಬಿಡೊ ಮಾರಾಯಾ, ತಂಟೆನೇ ಇಲ್ಲ.’ ನಾನು ಒಪ್ಪಲಿಲ್ಲ. ನನ್ನ ಭಾಷೆಯ ಹೆಸರು ಕನ್ನಡ. ಅದನ್ನು ಬೇರೆಯವರ ಅನುಕೂಲಕ್ಕೆ ಎಳೆದು ತಿರುಚಿ ಯಾಕೆ ಹೇಳಬೇಕು? ಈ ವಿಷಯದಲ್ಲಿ ನಾನು ಕೊಂಚ ಬಿಗಿ. ಮಗಳು ಇದಕ್ಕೆ ಮರಾಠಿಯಲ್ಲಿ ಬೇರೆ ಪದ ಬಳಸುತ್ತಾಳೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಇನ್ನು ಆ ಫಾರ್ಮು ಯಾವ ಸಂಗೀತೋತ್ಸವದ್ದೋ ಅದರ ಇತಿಹಾಸ. ಊರ ಹೊರಗೆ, ಗುಡ್ಡದ ಬುಡದಲ್ಲಿ ಒಂದು ಹುಣಸೆ ತೋಪಿದೆ. ಪ್ರತಿ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ಭಾನುವಾರ ಅಲ್ಲಿ ಸೂರ್ಯ ಹುಟ್ಟುವಾಗ ಹಾಡು ಶುರುವಾಗಿ ಮಧ್ಯಾಹ್ನಕ್ಕೆ ಮುಗಿಯುತ್ತದೆ. ದೊಡ್ಡ ದೊಡ್ಡ ಗವಾಯಿಗಳು ಬರುತ್ತಾರೆ. ನಾಸಿಕದಿಂದ, ಮನ್ಮಾಡಿನಿಂದ ಜನ ಹಿಂದಿನ ದಿನವೇ ಬಂದು ನೆಂಟರ ಮನೆಗಳಲ್ಲಿ ಇಳಿದುಕೊಳ್ಳುತ್ತಾರೆ. ಯೇವಲೆಯ ಹೆಂಗಸರು ತಮ್ಮೂರಿನ ಪೈಠಣಿ ಸೀರೆ ಉಟ್ಟು ಬಂದು, ತಾಡಪತ್ರಿಯ ಮೇಲೆ ಕೂರಲು ಮನಸ್ಸಾಗದೆ ಹಾಡು ಮುಗಿಯುವವರೆಗೂ ನಿಂತೇ ಕೇಳುತ್ತಾರೆ. ಇಷ್ಟು ಹೆಸರಾದ ಉತ್ಸವಕ್ಕೆ ಜನ ಇಟ್ಟಿರುವ ಹೆಸರು ‘ಸಕಾಳಚಂ ಗಾಣಂ’, ಬೆಳಗಿನ ಹಾಡು, ಅಷ್ಟೇ.

ಇದನ್ನು ಶುರು ಮಾಡಿದವರು ಒಬ್ಬ ಡ್ರಾಯಿಂಗ್ ಮಾಸ್ತರು. ಈಗ ನಿವೃತ್ತರು, ಸಮಿತಿಯ ಕಾರ್ಯದರ್ಶಿಯೂ ಅವರೇ. ಉತ್ಸವದ ಇತಿಹಾಸ ಇರುವುದು ಅವರ ತಲೆಯಲ್ಲಿ ಮಾತ್ರ, ಅದೂ ದಿನಕ್ಕೊಂದು ಬಗೆ. ಅವರು ಖುಷಿಯಲ್ಲಿದ್ದ ದಿನ, ಮೊದಲ ವರ್ಷದ ಜನ ತೋಪು ತುಂಬಿ ಡಾಂಬರು ರಸ್ತೆಗೆ ಬಂದಿದ್ದರು. ಮಂಡಿನೋವಿದ್ದ ದಿನ ಒಂದು ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಹಿಡಿಸುವಷ್ಟಿದ್ದರು. ಟ್ರಾಲಿಯ ಮಾತು ಮಾತ್ರ ಬದಲಾಗುವುದಿಲ್ಲ, ಯಾಕೆಂದರೆ ಮೊದಲ ವರ್ಷದ ವೇದಿಕೆಯೇ ಟ್ರಾಲಿ, ಮೈಕಿಗೆ ಟ್ರ್ಯಾಕ್ಟರಿನ ಬ್ಯಾಟರಿ. ತೋಪಿಗೆ ಆಗ ಕರೆಂಟು ಇರಲಿಲ್ಲವಾದ್ದರಿಂದ ಬೆಳಗ್ಗೆ ಇಟ್ಟುಕೊಂಡರು, ಅದರಲ್ಲಿ ಬೇರೆ ಯಾವ ತತ್ವವೂ ಇರಲಿಲ್ಲ. ಆಮೇಲೆ ಕರೆಂಟು ಬಂತು, ಕಂಬ ಬಂತು, ದೀಪ ಬಂತು. ಅಷ್ಟರಲ್ಲಿ ಗವಾಯಿಗಳು ಬೆಳಗ್ಗೆಯೇ ಬೇಕೆಂದು ಹಟ ಹಿಡಿದರು. ಎಲ್ಲ ಊರುಗಳಲ್ಲೂ ಕಛೇರಿ ಸಂಜೆಯೇ; ಬೆಳಗಿನ ರಾಗ ಕಲಿತವರು ಅದನ್ನು ಹಾಡುವುದಾದರೂ ಎಲ್ಲಿ? ಹೀಗೆ ಕರೆಂಟಿಲ್ಲದ್ದೇ ಉತ್ಸವದ ಹೆಗ್ಗಳಿಕೆಯಾಯಿತು. ಈಗ ಮಾಸ್ತರು ‘ನಾವು ಮೊದಲಿನಿಂದಲೂ ಪ್ರಾತಃಕಾಲದ ರಾಗಗಳ ಉಳಿವಿಗಾಗಿ’ ಎಂದು ಭಾಷಣ ಶುರು ಮಾಡುತ್ತಾರೆ.

ಹುಣಸೆಮರಗಳದ್ದು ಬೇರೆಯೇ ಕಿತಾಪತಿ. ಆ ಕಾಲಕ್ಕೆ ಕಾಯಿ ಒಣಗಿರುತ್ತದೆ, ಗಾಳಿ ಬೀಸಿದರೆ ಉದುರುತ್ತದೆ. ತಬಲದ ಮೇಲೆ ಬಿದ್ದು ಇಲ್ಲದ ಪೆಟ್ಟು ಕೊಟ್ಟದ್ದಿದೆ. ಒಬ್ಬ ಹಿರಿಯ ಗಾಯಕರು ಆಲಾಪದ ನಡುವೆ ತೊಡೆಯ ಮೇಲೆ ಬಿದ್ದ ಕಾಯಿಯನ್ನು ಸುಲಿದು ಬಾಯಿಗೆ ಹಾಕಿಕೊಂಡು, ಮುಖ ಹುಳ್ಳಗೆ ಮಾಡಿ, ಮುಂದಿನ ಸ್ವರಕ್ಕೆ ಹೋದರಂತೆ. ಇನ್ನೊಂದು ವರ್ಷ ಮಂಗವೊಂದು ಗಾಯಕರಿಗೆ ಹೊದಿಸಿದ ಶಾಲನ್ನು ಎತ್ತಿಕೊಂಡು ಮರ ಹತ್ತಿತು. ಸನ್ಮಾನ ಯಾರಿಗೆ ಆದಂತಾಯಿತು ಎಂಬ ಬಗ್ಗೆ ಸಮಿತಿಯಲ್ಲಿ ಇವತ್ತಿಗೂ ಎರಡು ಅಭಿಪ್ರಾಯಗಳಿವೆ.

ಇದೆಲ್ಲದರಲ್ಲಿ ನನ್ನ ಕಥೆಗೆ ಬೇಕಾದದ್ದು ಮೊದಲ ಕಾಲು ಗಂಟೆ. ಮೊದಲ ವರ್ಷ ಹಾಡಬೇಕಿದ್ದ ಗಾಯಕರ ರೈಲು ಮನ್ಮಾಡಿನಲ್ಲಿ ನಿಂತುಬಿಟ್ಟಿತಂತೆ. ಸೂರ್ಯ ಬಂದ, ಜನ ಬಂದರು, ಗಾಯಕರು ಬರಲಿಲ್ಲ. ಜನ ಎದ್ದು ಹೋಗುತ್ತಾರೆಂದು ಮಾಸ್ತರಿಗೆ ದಿಗಿಲು. ಕುಡಿಯುವ ನೀರು ತುಂಬಲು ಪಕ್ಕದ ವಸ್ತಿಯ ಗುಡಿಸಲುಗಳಿಂದ ಬಂದಿದ್ದ ಹೆಂಗಸೊಬ್ಬಳು ‘ನಾ ಹಾಡಲೇ?’ ಎಂದು ಕೇಳಿ, ಕೊಡ ಇಳಿಸಿ, ಟ್ರಾಲಿ ಹತ್ತಿ, ತಾನು ಬೀಸುವಾಗ ಹಾಡುತ್ತಿದ್ದ ಓವಿಗಳನ್ನು ಹಾಡಿದಳು. ಗಾಯಕರು ಬಂದಾಗ ಆಕೆ ಹಾಡುತ್ತಲೇ ಇದ್ದಳು. ಅವರು ಅವಳಿಗೆ ಹಾಡು ನಿಲ್ಲಿಸಗೊಡದೆ ಹಿಂದೆ ನಿಂತು ಕೇಳಿದರಂತೆ. ಅಂದಿನಿಂದ ಮೊದಲ ಕಾಲು ಗಂಟೆ ಜಿಲ್ಲೆಯವರೊಬ್ಬರಿಗೆ ಮೀಸಲು. ಒಂದು ವರ್ಷ ಪೈಠಣದವರು, ಒಂದು ವರ್ಷ ವೈಜಾಪುರದವರು, ಹೀಗೆ. ಆ ಕಾಲು ಗಂಟೆಗಾಗಿ ತಾಲ್ಲೂಕುಗಳ ನಡುವೆ ಎಷ್ಟು ಪೈಪೋಟಿ ಇದೆಯೆಂಬುದು ನನಗೆ ಆಗ ಗೊತ್ತಿರಲಿಲ್ಲ.

ನನ್ನ ಹೆಂಡತಿ ಹಾಡುತ್ತಾಳೆ. ಚಿಕ್ಕಂದಿನಲ್ಲಿ ಆರು ವರ್ಷ ಕಲಿತವಳು. ಹೆಣ್ಣು ನೋಡಲು ಹೋದಾಗ ಹಾಡಿದ್ದಳು, ನನ್ನ ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ ಇತ್ತು. ಮದುವೆಯಾದ ಮೇಲೆ ಸೊಲ್ಲಾಪುರದಲ್ಲಿ ಒಬ್ಬ ಗುರುಗಳನ್ನು ಹುಡುಕಿಕೊಂಡಳು, ನನಗೆ ವರ್ಗವಾಯಿತು. ಮನ್ಮಾಡಿನಲ್ಲಿ ಗುರುಗಳು ಸಿಗಲಿಲ್ಲ. ಅಲ್ಲಿ ನಾವು ಕೇಳಿದ ಸಂಗೀತವೆಂದರೆ ರೈಲು ತಡವಾಗಿ ಬರುವ ಘೋಷಣೆ. ನಾಸಿಕದಲ್ಲಿ ಪಂಚವಟಿಯ ಹತ್ತಿರ ವಯಸ್ಸಾದ ಗುರುಮಾತೆಯೊಬ್ಬರು ಸಿಕ್ಕರು. ದಿನವೂ ಅಡಿಗೆ ಮುಗಿಸಿ ಮಧ್ಯಾಹ್ನ ಎರಡು ಗಂಟೆಗೆ ಹೋಗುತ್ತಿದ್ದಳು. ಹೊಸ ರಾಗವೊಂದನ್ನು ಶುರು ಮಾಡಿದ ವಾರವೇ ನನ್ನ ಸಂಭಾಜಿನಗರದ ಆದೇಶ ಬಂತು. ಅವಳು ಗುರುಮಾತೆಗೆ ನಮಸ್ಕರಿಸಿ ಬಂದಳು. ತಂಬೂರಿಯನ್ನು ಕೌದಿಯಲ್ಲಿ ಸುತ್ತಿ, ಲಾರಿಯಲ್ಲಿ ಎಲ್ಲಕ್ಕಿಂತ ಮೇಲೆ ಇಡಿಸಿದಳು. ವರ್ಗಾವಣೆ ನನ್ನ ತಪ್ಪಲ್ಲ, ಅದು ಅವಳಿಗೂ ಗೊತ್ತು. ಆದರೂ ಆ ತಂಬೂರಿಯನ್ನು ನೋಡಿದಾಗಲೆಲ್ಲ ನನಗೆ ಆದೇಶಕ್ಕೆ ಸಹಿ ಹಾಕಿದವನು ನಾನೇ ಎನ್ನಿಸುತ್ತಿತ್ತು.

ಇಲ್ಲಿಗೆ ಬಂದ ಮೊದಲ ವರ್ಷ ಹುಣಸೆ ತೋಪಿಗೆ ಕೇಳಲು ಹೋಗಿದ್ದೆವು. ಯಾವತ್ತೂ ಏನನ್ನೂ ಬೇಕೆನ್ನದವಳು ಅಂದು ವಾಪಸು ಬರುವಾಗ ಬಾಯಿಬಿಟ್ಟು ಹೇಳಿದಳು: ‘ಒಂದ್ಸಲ ಅಲ್ಲಿ ಹಾಡಬೇಕನಸ್ತೈತ್ರಿ. ಕಾಲು ತಾಸು ಸಾಕು. ದೊಡ್ಡ ಹೆಸರು ಬ್ಯಾಡ ಏನ್ ಬ್ಯಾಡ. ನಾ ಹಾಡೂದನ್ನ ನಾಕ ಮಂದಿ ಸುಮ್ನ ಕುಂತು ಕೇಳಿದ್ರ ಸಾಕು.’

ಇಷ್ಟು ಸಣ್ಣ ಆಸೆ. ಇದನ್ನು ಈಡೇರಿಸದಿದ್ದರೆ ನಾನೆಂಥ ಗಂಡ, ಎಂಥ ಗುಮಾಸ್ತ? ಮರುವರ್ಷ ಫಾರ್ಮು ತಂದೆ. ನಾಲ್ಕೇ ಸಾಲು: ಹೆಸರು, ಎಲ್ಲಿಯವರು, ಏನು ಹಾಡುತ್ತೀರಿ, ಫೋನ್ ನಂಬರು. ಇದು ನನ್ನ ಯೋಗ್ಯತೆಗೆ ಕಡಿಮೆಯೇ ಆಯಿತೆನ್ನಿಸಿತು. ‘ಎಲ್ಲಿಯವರು’ ಎಂಬಲ್ಲಿ ಸುಮ್ಮನೆ ಬಾಗಲಕೋಟೆ ಎಂದು ಬರೆದರೆ ಅದು ಯಾರಿಗೆ ತಿಳಿಯಬೇಕು? ಭಾಷೆಯ ಹೆಸರು ಬಂದರೆ ಒಂದು ತೂಕ. ನನ್ನ ಅತ್ಯುತ್ತಮ ಮರಾಠಿಯಲ್ಲಿ, ದುಂಡಗೆ, ‘ಮೂಳಚೇ ಕನ್ನಡ’ ಎಂದು ಬರೆದೆ. ಮೂಲತಃ ಕನ್ನಡದವರು. ಏನು ಹಾಡುತ್ತೀರಿ ಎಂಬಲ್ಲಿ ‘ದಾಸರ ಪದ’ ಎಂದು ಬರೆದೆ.

ಕಾಲೇಜಿಗೆ ಹೋಗುವ ಮಗಳು ಹೆಗಲ ಮೇಲಿಂದ ಇಣುಕಿದಳು. ಅವಳಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಬಾಯಿಗೆ ಬರುವುದು ಮರಾಠಿ. ‘ಅಪ್ಪಾ, ಹೇ ಚುಕತಂಯ್. ಕಾನಡೀ ಲಿಹೀ ನಾ!’ ಎಂದಳು. ಇದು ತಪ್ಪಾಗುತ್ತದೆ, ಕಾನಡೀ ಅಂತ ಬರಿ.

‘ಅದು ಸಂಗೀತದ ಮಂದಿ ಕೈಗೆ ಹೋಗೂ ಕಾಗದ,’ ಎಂದೆ ನಾನು. ‘ಕಾನಡೀ ಅಂತ ಬರದ್ರ ಕಾನಡಾ ರಾಗ ಅಂತ ತಿಳೀತಾರ. ಅದು ರಾತ್ರಿ ಹಾಡೂ ರಾಗ. ಮುಂಜಾನಿ ಯಾಕ ಹಾಡ್ತೀರಿ ಅಂತ ಫಾರ್ಮು ಹೊಳ್ಳಿ ಕಳಸ್ತಾರ. ನಿನಗ ತಿಳಿಯೂದಿಲ್ಲ ಸುಮ್ಕಿರು.’

ವಾದ ಎಷ್ಟು ಗಟ್ಟಿಯಾಗಿತ್ತೆಂದರೆ ನಾನೇ ಒಪ್ಪಿಬಿಟ್ಟೆ.

ಹದಿನೈದು ದಿನಕ್ಕೆ ಮಾಸ್ತರು ಫೋನ್ ಮಾಡಿದರು. ಫೋನಿನಲ್ಲೇ ಒಂದು ಹಾಡು ಕೇಳಬೇಕೆಂದರು. ಅವಳು ಒಳಗಿನ ಕೋಣೆಗೆ ಹೋಗಿ ನಾಸಿಕದಲ್ಲಿ ಕಲಿತ ಮರಾಠಿ ಅಭಂಗವೊಂದನ್ನು ಹಾಡಿದಳು. ಯಾರೂ ಬೆಲ್ ಒತ್ತಬಾರದೆಂದು ನಾನು ಹೊರಬಾಗಿಲಲ್ಲಿ ಕಾವಲು ನಿಂತೆ. ಆಮೇಲೆ ಮಾಸ್ತರು ನನ್ನೊಡನೆ ಮಾತಾಡಿದರು. ಅವರ ದನಿ ಗದ್ಗದವಾಗಿತ್ತು. ಇಷ್ಟು ವರ್ಷವಾದರೂ ಕನ್ನಡಕ್ಕೆ ಒಮ್ಮೆಯೂ ಅವಕಾಶ ಸಿಕ್ಕಿರಲಿಲ್ಲ, ಅದು ತಮ್ಮ ಮನಸ್ಸನ್ನು ಕೊರೆಯುತ್ತಿತ್ತು ಎಂದರು. ನನ್ನ ಕಣ್ಣಲ್ಲಿ ನೀರು ಬಂತು. ಪರನಾಡಿನಲ್ಲಿ ನಮ್ಮ ಭಾಷೆಗಾಗಿ ಕೊರಗುವ ಒಂದು ಜೀವ! ಕನ್ನಡ ಎಷ್ಟು ಹಳೆಯದು, ಎಷ್ಟು ಶ್ರೀಮಂತ ಎಂದು ಅವರಿಗೆ ಐದು ನಿಮಿಷ ಹೇಳಿದೆ. ಅವರು ‘ಹೋ, ಹೋ, ಜಮೀನ ಚಾಂಗಲೀ ಆಹೇ’ ಎಂದರು. ಹೌದು, ಭೂಮಿ ಚೆನ್ನಾಗಿದೆ ಅಂತ. ಕಾವ್ಯದ ಮಾತು ಆಡುತ್ತಿದ್ದಾರೆಂದುಕೊಂಡೆ.

ಅಚ್ಚಾದ ಪಟ್ಟಿಯಲ್ಲಿ ಮೊದಲ ಸಾಲಿನಲ್ಲಿ ಅವಳ ಹೆಸರು, ಪಕ್ಕದಲ್ಲಿ ‘ಕನ್ನಡ’. ಅದರ ಫೋಟೋ ತೆಗೆದು ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಹಾಕಿದೆ. ಮುಗಿದ ಕೈಗಳು, ಹಳದಿ ಕೆಂಪು ಹೃದಯಗಳು ಸಾಲುಸಾಲಾಗಿ ಬಂದವು. ನಾಸಿಕದಿಂದ ಹೊರಡುತ್ತೇನೆಂದು ಓಝರ್‌ನ ಗೆಳೆಯ ಬರೆದ. ಅವಳು ಮಾತ್ರ ದಿನವೂ ಬೆಳಗ್ಗೆ ಎದ್ದು, ಅಡಿಗೆಮನೆಯ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದಳು. ಆ ಹೊತ್ತಿನಲ್ಲಿ ನಾನು ವಾಕಿಂಗ್ ಹೋಗುತ್ತಿದ್ದೆ, ಡಾಕ್ಟರ ಅಪ್ಪಣೆ.

ಆ ಭಾನುವಾರ ನಾವು ತೋಪು ತಲುಪಿದಾಗ ಬೆಳಕು ಹರಿಯುತ್ತಿತ್ತು. ಅವಳು ನಾಸಿಕದ ಗುರುಮಾತೆ ಕೊಟ್ಟಿದ್ದ ಹಸಿರು ಸೀರೆ ಉಟ್ಟಿದ್ದಳು. ಮುಖದಲ್ಲಿ ನಾನು ಬಹಳ ವರ್ಷ ನೋಡದಿದ್ದ ಒಂದು ಗೆಲುವಿತ್ತು. ಇನ್ನೇನು ವೇದಿಕೆಯ ಹತ್ತಿರ ಹೋಗಬೇಕು, ಒಂದು ಕೆಂಪು ಎಸ್‌ಟಿ ಬಸ್ಸು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಹಣೆಯ ಮೇಲಿನ ಬೋರ್ಡಿನಲ್ಲಿ ದೊಡ್ಡದಾಗಿ ‘ಕನ್ನಡ’ ಎಂದಿತ್ತು.

ಬಸ್ಸಿನಿಂದ ಹೆಂಗಸರು ಇಳಿದರು, ಇಳಿಯುತ್ತಲೇ ಇದ್ದರು. ಊರಿನ ಭಜನೆ ಮಂಡಳಿಯವರಂತೆ. ಕೈಯಲ್ಲಿ ತಾಳ, ಚೀಲದಲ್ಲಿ ಭಾಕರಿ ರೊಟ್ಟಿ. ಅವರ ಮುಂದಾಳು ಒಬ್ಬ ಅಜ್ಜಿ, ಒಂಬತ್ತು ಗಜದ ಸೀರೆ ಕಚ್ಚೆ ಹಾಕಿ ಉಟ್ಟವಳು. ಉತ್ಸವದ ಇತಿಹಾಸದಲ್ಲೇ ಮೊದಲ ಸಲ ತಮ್ಮ ತಾಲ್ಲೂಕಿನ ಹೆಣ್ಣುಮಗಳು ಹಾಡುತ್ತಾಳೆಂದು ಮೂರು ಗಂಟೆಗೇ ಎದ್ದು ಹೊರಟು ಬಂದಿದ್ದರು. ಹಾಡುವವಳು ಯಾರೆಂದು ಕೇಳಿಕೊಂಡು ನೇರ ನನ್ನ ಹೆಂಡತಿಯ ಬಳಿ ಬಂದು ಅವಳನ್ನು ಸುತ್ತುಗಟ್ಟಿದರು. ಅಜ್ಜಿ ಅವಳ ಗಲ್ಲ ಹಿಡಿದು ‘ಕುಣಾಚೀ ಗ ತೂ ಬಾಈ?’ ಎಂದಳು. ಯಾರ ಮಗಳೇ ನೀನು? ಯಾವ ಓಣಿ? ಹಳೇ ಪೇಟೆಯ ಕಡೆಯವಳಾ, ಬಸ್ ಸ್ಟ್ಯಾಂಡ್ ಹಿಂದಿನವಳಾ?

ನನ್ನ ಹೆಂಡತಿ ಬಸ್ಸಿನ ಬೋರ್ಡನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

‘ಫಾರ್ಮಿನ್ಯಾಗ ಏನ್ ಬರದೀರಿ?’ ಎಂದು ಕೇಳಿದಳು.

‘ಮೂಳಚೇ ಕನ್ನಡ,’ ಎಂದೆ. ಬಾಯಿಯಿಂದ ಹೊರಬಿದ್ದ ಕ್ಷಣವೇ ಅದು ಮರಾಠಿ ಕಿವಿಗೆ ಹೇಗೆ ಕೇಳುತ್ತದೆಂದು ನನಗೆ ಹೊಳೆಯಿತು. ಮೂಲತಃ ಕನ್ನಡ ಊರಿನವರು. ಶುಂಠಿಯ ವಿಚಾರ, ಭೂಮಿ ಚೆನ್ನಾಗಿದೆ ಎಂಬ ಕಾವ್ಯ, ಎಲ್ಲ ಒಟ್ಟಿಗೆ ಅರ್ಥವಾಯಿತು. ಮಗಳು ಆಕಾಶ ನೋಡುತ್ತಿದ್ದಳು.

‘ಅಯ್ಯ ದೇವರ, ಈ ಮಂದೀದು ಪಾಳಿ ನಾವು ಕಸ್ಕೊಂಡಂಗಾತಲ್ರಿ,’ ಎಂದಳು ಹೆಂಡತಿ.

‘ನೀ ಏನೂ ಚಿಂತಿ ಮಾಡಬ್ಯಾಡ,’ ಎಂದೆ. ‘ನಾ ಮಾಸ್ತರ ಕೂಡ ಮಾತಾಡಿ ಎಲ್ಲಾ ಸರಿ ಮಾಡ್ತೀನಿ.’

‘ನೀವು ಸುಮ್ನ ಬಂದು ಮುಂದ ಕುಂದರ್ರಿ. ನಾ ನೋಡ್ಕೋತೀನಿ.’

ಇಂಥ ಹೊತ್ತಿನಲ್ಲಿ ಸುಮ್ಮನೆ ಕೂರುವ ಗಂಡಸು ನಾನಲ್ಲ. ವಿಷಯ ತಿಳಿದರೆ ಮಾಸ್ತರು ಅವಳ ಕಾಲು ಗಂಟೆಯನ್ನೇ ರದ್ದು ಮಾಡಿದರೆ? ಇಪ್ಪತ್ತಾರು ವರ್ಷ ಅವಳ ಹಾಡನ್ನು ಊರೂರು ಎಳೆದಾಡಿ ಕೆಡಿಸಿದ್ದು ಸಾಲದೆಂದು ಈಗ ಒಂದು ಸಾಲು ಬರೆದು ಅದನ್ನೂ ಕೆಡಿಸಿದೆನೇ ಎಂದು ನನ್ನನ್ನೇ ಬೈದುಕೊಂಡೆ. ಏನಾದರೂ ಆಗಲಿ, ಅವಳು ಹಾಡಲೇಬೇಕು. ವೇದಿಕೆಯ ಪಕ್ಕದಲ್ಲಿ ಮೈಕಿನವನ ಪೆಟ್ಟಿಗೆಗಳ ಬಳಿ ನಿಂತಿದ್ದ ಮಾಸ್ತರನ್ನು ಹೋಗಿ ಹಿಡಿದೆ. ಬೆನ್ನು ವೇದಿಕೆಯ ಕಡೆ, ಮುಖ ಮಾಸ್ತರ ಕಡೆ; ಮಾಸ್ತರಿಗೆ ವೇದಿಕೆ ಕಾಣದಂತೆ ನಡುವೆ ಪೇರಿಸಿದ ಪೆಟ್ಟಿಗೆಗಳು. ಕೆಲಸ ಮುಗಿಯುವವರೆಗೆ ಅವರನ್ನು ಅಲುಗಾಡಲು ಬಿಡಬಾರದೆಂದು ಒಂದು ಕೈಯಿಂದ ಅವರ ಮಫ್ಲರನ್ನೂ ಹಿಡಿದಿದ್ದೆ.

‘ಸಾಹೇಬ, ಕನ್ನಡ ಮ್ಹಣಜೇ ತೇ ಕನ್ನಡ ನಾಹೀ. ಕನ್ನಡ!’ ಎಂದೆ. ಕನ್ನಡ ಅಂದರೆ ಆ ಕನ್ನಡ ಅಲ್ಲ, ಕನ್ನಡ.

‘ಕನ್ನಡ ಮ್ಹಣಜೇ ಕನ್ನಡಚ ನಾ?’ ಎಂದರು ಮಾಸ್ತರು. ಕನ್ನಡ ಅಂದರೆ ಕನ್ನಡವೇ ತಾನೇ?

ನಾನು ನಕ್ಷೆ ಬಿಡಿಸಿ ಹೇಳಿದೆ. ಕೃಷ್ಣೆ ಎಲ್ಲಿ ಹರಿಯುತ್ತದೆ, ಘಟಪ್ರಭೆ ಎಲ್ಲಿ ಸೇರುತ್ತದೆ ಎಂದೆ. ಊರು ಬೇರೆ, ನುಡಿ ಬೇರೆ ಎಂದೆ. ಮಾಸ್ತರು ಪಟ್ಟಿ ತೆಗೆದು ನೋಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು. ಹಾಗಾದರೆ ನೀವು ಜಿಲ್ಲೆಯವರಲ್ಲವೇ ಎಂದರು. ಆಧಾರ್ ಕಾರ್ಡಿನ ವಿಳಾಸ ಇದೇ ಜಿಲ್ಲೆಯದು ಎಂದು ನಾನು ನಿಯಮ ತೋರಿಸಿದೆ. ನಡುವೆ ಎಲ್ಲೋ ತಾಳದ ಸದ್ದು ಕೇಳಿತು; ಬಸ್ಸಿನವರು ದೇವರಿಗೆ ಭಜನೆ ಹೇಳುತ್ತಿರಬೇಕೆಂದುಕೊಂಡೆ. ಆಮೇಲೆ ಚಪ್ಪಾಳೆ ಕೇಳಿತು, ದೀಪ ಹಚ್ಚಿರಬೇಕೆಂದುಕೊಂಡೆ. ವಾದ ಬಿಸಿಯಾಗಿತ್ತು, ಹಿಂದಿರುಗಿ ನೋಡುವ ಪುರುಸೊತ್ತು ಇರಲಿಲ್ಲ.

ಕೊನೆಗೆ ಬೇರೆ ದಾರಿ ಕಾಣದೆ, ಹುಟ್ಟಿದಾಗಿನಿಂದ ಆಡದ ಮಾತನ್ನು ಆಡಿದೆ. ‘ಕಾನಡೀ, ಸಾಹೇಬ. ಆಮ್ಹೀ ಕಾನಡೀ.’

‘ಅಸಂ ಹೋಯ್!’ ಮಾಸ್ತರ ಮುಖ ತಿಳಿಯಾಯಿತು. ಮೊದಲೇ ಹೇಳಬಾರದಿತ್ತೇ ಎಂದು ನಗತೊಡಗಿದರು. ಸಂಗೀತಕ್ಕೆ ಯಾವ ಊರು, ಯಾವ ಭಾಷೆ, ಖಂಡಿತ ಹಾಡಲಿ, ಪೂರ್ತಿ ಕಾಲು ಗಂಟೆ ಹಾಡಲಿ, ಕರೆಯಿರಿ ಅವರನ್ನು ಎಂದರು.

ನಾನು ಗೆದ್ದ ಸಂಭ್ರಮದಲ್ಲಿ ತಿರುಗಿ ಪೆಟ್ಟಿಗೆಗಳಾಚೆ ಬಂದೆ. ವೇದಿಕೆಯ ಮೇಲೆ ಯಾರೋ ತಬಲಕ್ಕೆ ಸುತ್ತಿಗೆಯಿಂದ ಶ್ರುತಿ ಮಾಡುತ್ತಿದ್ದರು. ಮುಂದಿನ ಗಾಯಕರು ಶಾಲು ಸರಿಪಡಿಸಿಕೊಳ್ಳುತ್ತಿದ್ದರು. ಮೈಕಿನವನು, ‘ತ್ಯಾಂಚಂ ಝಾಲಂ ಕೀ,’ ಎಂದ. ಅವರದು ಆಗಿಹೋಯಿತಲ್ಲ.

ಏನು ನಡೆಯಿತೆಂಬುದನ್ನು ಮಗಳ ಬಾಯಿಂದ ಕೇಳಿದೆ. ಅವಳಮ್ಮ ತಾನಾಗಿಯೇ ವೇದಿಕೆ ಹತ್ತಿ, ನಾಸಿಕದ ಮರಾಠಿಯಲ್ಲಿ, ‘ನಾನು ನಿಮ್ಮ ಕನ್ನಡದವಳಲ್ಲ, ನನ್ನ ಮಾತು ಕಾನಡೀ, ತಪ್ಪು ನಮ್ಮದು, ಈ ಪಾಳಿ ನಿಮ್ಮದು’ ಎಂದು ಕೈಮುಗಿದಳು. ಆ ಅಜ್ಜಿಯನ್ನು ಕೈಹಿಡಿದು ಮೇಲೆ ಕರೆದಳು. ಅಜ್ಜಿ ತಾಳ ಹಾಕಿಕೊಂಡು ಓವಿ ಹಾಡಿದಳು. ಅರ್ಧ ಹೊತ್ತಿಗೆ ತಾನೇ ನಿಲ್ಲಿಸಿ, ಈಗ ನಿನ್ನ ಮಾತಿನದು ಹಾಡು ಎಂದು ಇವಳ ಬೆನ್ನು ತಟ್ಟಿ ಅಲ್ಲೇ ಪಕ್ಕದಲ್ಲಿ ಕೂತಳು. ಇವಳು ಹಾಡಿದಳು. ಹುಣಸೆ ಕಾಯಿ ಬಿದ್ದರೂ ಕೇಳಿಸುವಷ್ಟು ತೋಪು ಸುಮ್ಮನಿತ್ತಂತೆ.

ಆಮೇಲೆ ಜನ ಬಂದು ನನ್ನ ಕೈ ಕುಲುಕಿದರು. ಓಝರ್‌ನ ಗೆಳೆಯ ಕಣ್ಣೊರೆಸಿಕೊಂಡು ‘ಏನ್ ಹಾಡಿದ್ರಲೇ ವೈನಿ!’ ಎಂದ. ಯೇವಲೆಯ ಹೆಂಗಸೊಬ್ಬಳು ಪೈಠಣಿಯ ಆಸೆ ಬಿಟ್ಟು ನೆಲಕ್ಕೇ ಕೂತು ಕೇಳಿದೆನೆಂದಳು. ನಾನು ಎಲ್ಲರಿಗೂ ಕೈಮುಗಿದು, ಎಲ್ಲ ನಿಮ್ಮ ಆಶೀರ್ವಾದ ಎಂದೆ. ಮಾಸ್ತರು ಮಾತ್ರ ನನ್ನನ್ನು ದುರುಗುಟ್ಟಿ ನೋಡಿ, ಉತ್ಸವ ಶುರುವಾದಂದಿನಿಂದ ಮೊದಲ ಹಾಡನ್ನು ತಾವು ತಪ್ಪಿಸಿಕೊಂಡದ್ದು ಇದೇ ಮೊದಲು ಎಂದರು.

ಮಧ್ಯಾಹ್ನ ಕಾರಿನಲ್ಲಿ ಹೊರಟೆವು. ಅವಳು ನನ್ನ ಪಕ್ಕದಲ್ಲಿ, ಮಗಳು ಹಿಂದೆ. 

‘ಹೆಂಗಾತ್ರಿ?’ ಎಂದು ಅವಳು ಕೇಳಿದಳು, ರಸ್ತೆ ನೋಡುತ್ತ.

ಕೇಳಲಿಲ್ಲವೆಂದು ಹೇಳುವ ಧೈರ್ಯ ನನಗಾಗಲಿಲ್ಲ. ‘ಭಾಳ ಛಲೋ ಆತು,’ ಎಂದೆ. ‘ಅದ್ರಾಗೂ ಆ ದಾಸರ ಪದ ಅಂತೂ ಕೇಳಬ್ಯಾಡ.’

ಹಿಂದಿನ ಸೀಟಿನಿಂದ ಮಗಳು ಮುಂದಕ್ಕೆ ಬಾಗಿದಳು. ‘ಅಪ್ಪಾ, ಆಈನಂ ತೇ ಗಾಯಲಂಚ ನಾಹೀ,’ ಎಂದಳು. ಅಮ್ಮ ಅದನ್ನು ಹಾಡಲೇ ಇಲ್ಲ. ಓವಿ ಹಾಡಿದ ಅಜ್ಜಿಯ ಪಕ್ಕದಲ್ಲಿ ಕೂತು ಅವಳು ತನ್ನ ಸ್ವಂತ ಅಜ್ಜಿಯ ಬೀಸುವ ಪದ ಹಾಡಿದ್ದಳು.

ಕಾರು ನಿಲ್ಲಿಸಬೇಕೆನ್ನಿಸಿತು, ನಿಲ್ಲಿಸಲಿಲ್ಲ.  ಮಗಳು, ಪರವಾಗಿಲ್ಲ, ನಾನು ಪೂರ್ತಿ ರೆಕಾರ್ಡ್ ಮಾಡಿದ್ದೇನೆ ಎಂದು ಫೋನ್ ಹಚ್ಚಿದಳು. ಜನರ ತಲೆ ಅಡ್ಡ ಬರಬಾರದೆಂದು ಅವಳು ನಿಂತದ್ದು ವೇದಿಕೆಯ ಪಕ್ಕದಲ್ಲಿ, ಮೈಕಿನ ಪೆಟ್ಟಿಗೆಗಳ ಹತ್ತಿರ. ಫೋನಿನಿಂದ ಮೊದಲು ಬಂದದ್ದು ನನ್ನ ದನಿ. ‘ಸಾಹೇಬ, ಕನ್ನಡ ಮ್ಹಣಜೇ ತೇ ಕನ್ನಡ ನಾಹೀ.’ ಅದರ ಹಿಂದೆ, ದೂರದಲ್ಲಿ, ಒಬ್ಬ ಹೆಂಗಸು ಹಾಡುತ್ತಿದ್ದಳು.

ಹೆಂಡತಿಗೆ ಮೊದಲು ನಗು ಬಂತು. ಮೂವರೂ ನಕ್ಕೆವು. ಆಮೇಲೆ ಅವಳು ನಗುವುದನ್ನು ನಿಲ್ಲಿಸಿ, ‘ನೀವು ಅಲ್ಲೇ ಇದ್ರ್ಯಾ?’ ಎಂದಳು.

‘ನಿನ್ನ ಸಲುವಾಗೇ ಜಗಳಾಡಾಕತ್ತಿದ್ದೆ,’ ಎಂದೆ.

‘ಗೊತ್ತೈತ್ರಿ,’ ಎಂದಳು. ಕಿಟಕಿಯ ಕಡೆ ತಿರುಗಿಕೊಂಡಳು.

ಮನೆಗೆ ಹೋದ ಮೇಲೆ ಇನ್ನೊಮ್ಮೆ ಹಾಡೆಂದು ಬೇಡಿಕೊಂಡೆ. ಬೇಸರವಿಲ್ಲದೆಯೇ ಹೇಳಿದಳು: ‘ಹಾಡು ಅಂದ್ರ ಹಾಡ್ತೀನ್ರಿ. ಆದ್ರ ಇದು ಅದಾಗೂದಿಲ್ಲ.’ ಹಾಡಿದಳು ಕೂಡ. ಚೆನ್ನಾಗಿತ್ತು. ಇದು ಅದಾಗಿರಲಿಲ್ಲ.

ಈಗ ವಾಕಿಂಗ್ ಹೋಗುವಾಗ ಆ ರೆಕಾರ್ಡನ್ನು ಕಿವಿಗೆ ಹಚ್ಚಿಕೊಳ್ಳುತ್ತೇನೆ. ನನ್ನನ್ನು ನಾನೇ ಆಚೆ ತಳ್ಳಿ ಅವಳನ್ನು ಕೇಳಲು ನೋಡುತ್ತೇನೆ. ಸುಮಾರು ಸಾಲುಗಳು ಈಗ ತಿಳಿಯುತ್ತವೆ. ನಾನು ಉಸಿರು ತೆಗೆದುಕೊಳ್ಳುವಲ್ಲಿ ಅವಳು ಕೇಳಿಸುತ್ತಾಳೆ. ಪದದ ಕೊನೆಯ ಹತ್ತಿರ ಅವಳು ದನಿಯನ್ನು ಮೇಲಕ್ಕೆ ಒಯ್ಯುತ್ತಾಳೆ, ಜನ ‘ವಾಹ್’ ಎನ್ನುತ್ತಾರೆ, ಆ ಒಂದು ಸಾಲು ಮಾತ್ರ ಎಷ್ಟು ಸಲ ಕೇಳಿದರೂ ಸಿಗುವುದಿಲ್ಲ. ಮಗಳು ಕಂಪ್ಯೂಟರಿಗೆ ಹಾಕಿ ನನ್ನ ದನಿಯನ್ನು ತೆಗೆಯಲು ನೋಡಿದಳು, ಆಗಲಿಲ್ಲ. ಆ ಸಾಲಿನ ಮೇಲೆ ನಾನು ಗಂಟಲು ಹರಿಯುವಂತೆ ಮಾಸ್ತರಿಗೆ ಹೇಳುತ್ತಿದ್ದೇನೆ: ‘ನನ್ನ ಹೆಂಡತಿ ಬಹಳ ಚೆನ್ನಾಗಿ ಹಾಡುತ್ತಾಳೆ ಸಾಹೇಬ, ನೀವು ಒಮ್ಮೆ ಕೇಳಲೇಬೇಕು.’